ಅಲೈನರ್ ಹಲ್ಲಲ್ಲ, ಅದನ್ನು ಹಲ್ಲಿನಂತೆ ಉಜ್ಜಬೇಡಿ

ಹಲ್ಲುಗಳನ್ನು ಸಾಲಿಗೆ ತರಲು ತೊಡುವ ಪಾರದರ್ಶಕ ಅಲೈನರ್ ನೋಡಲು ತೆಳ್ಳನೆಯ ಪ್ಲಾಸ್ಟಿಕ್ ಚಿಪ್ಪು. ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಅದರ ಒಳಮೈಯಲ್ಲಿ ಅಚ್ಚಾಗಿರುವುದು ನಿಮ್ಮ ಹಲ್ಲುಗಳು ಇಂದು ಇರುವ ಜಾಗವಲ್ಲ, ಮುಂದೆ ಹೋಗಿ ನಿಲ್ಲಬೇಕಾದ ಜಾಗ. ಈ ಎರಡರ ನಡುವಿನ ವ್ಯತ್ಯಾಸವೇ ಹಲ್ಲನ್ನು ತಳ್ಳುವ ಬಲ. ಒಂದು ಅಲೈನರ್ ಒಂದು ಹಲ್ಲನ್ನು ಸಾಮಾನ್ಯವಾಗಿ ಸರಿಸುವುದು 0.25 ಮಿಲಿಮೀಟರಿನಷ್ಟು. ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಬಿಗಿದಿಟ್ಟಿರುವ ನಾರಿನ ಪದರದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಕಾಲು ಮಿಲಿಮೀಟರಿನ ಕೆಲಸಕ್ಕೆಂದು ಮಾಡಿದ ವಸ್ತು ತಾನೇ ಅರ್ಧ ಮಿಲಿಮೀಟರ್ ಸೊಟ್ಟಗಾದರೆ, ಅದು ಹಲ್ಲನ್ನು ಎತ್ತ ತಳ್ಳುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಅಲೈನರ್ ಹಾಳಾಗುವುದು ಅಶ್ರದ್ಧೆಯಿಂದ ಮಾತ್ರವಲ್ಲ, ಅತಿಯಾದ ಶ್ರದ್ಧೆಯಿಂದಲೂ. ಸ್ವಚ್ಛವಾಗಲಿ ಎಂದು ಕುದಿಯುವ ನೀರಿಗೆ ಹಾಕುವವರು, ಫಳಫಳ ಹೊಳೆಯಲಿ ಎಂದು ಟೂತ್‌ಪೇಸ್ಟ್ ಹಚ್ಚಿ ತಿಕ್ಕುವವರು ಸೋಮಾರಿಗಳಲ್ಲ. ಹಲ್ಲಿಗೆ ಒಪ್ಪುವುದು ಅಲೈನರ್‌ಗೂ ಒಪ್ಪುತ್ತದೆ ಎಂದು ಅವರು ನಂಬಿದ್ದಾರೆ, ಅಷ್ಟೇ.

ಮೊದಲು ಶಾಖದ ವಿಷಯ. ಹಲ್ಲುಗಳ ಸ್ಥಾನವನ್ನು ಹಂತಹಂತವಾಗಿ ಬದಲಿಸಿದ ಅಚ್ಚುಗಳಿಂದ ಸಾಧನಗಳ ಸರಣಿಯನ್ನೇ ಮಾಡಿ ತೊಡಿಸಬಹುದು ಎಂಬ ಆಲೋಚನೆಯನ್ನು 1945ರಲ್ಲೇ ಅಮೆರಿಕದ ದಂತವೈದ್ಯ ಹೆರಾಲ್ಡ್ ಕೆಸ್ಲಿಂಗ್ ಮುಂದಿಟ್ಟಿದ್ದರು. ಅವರ ಸಾಧನ ರಬ್ಬರಿನದು. 1997ರಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಕಂಪನಿ ಆ ಆಲೋಚನೆಗೆ ಕಂಪ್ಯೂಟರ್ ಮತ್ತು ತ್ರೀಡಿ ಮುದ್ರಣವನ್ನು ಜೋಡಿಸಿತು. ಇಂದು ಬಹುಪಾಲು ಅಲೈನರ್‌ಗಳನ್ನು ಮಾಡುವ ವಿಧಾನ ಹೀಗಿದೆ: ಹಲ್ಲಿನ ಸಾಲಿನ ಮಾದರಿಯನ್ನು ಮುದ್ರಿಸಿ, ಪಾಲಿಯುರೆಥೇನ್ ಅಥವಾ ಪಿಇಟಿಜಿ ಎಂಬ ಪ್ಲಾಸ್ಟಿಕ್‌ನ ಹಾಳೆಯನ್ನು ಕಾಯಿಸಿ ಮೆತ್ತಗಾಗಿಸಿ, ಅದರ ಮೇಲೆ ಎಳೆದು ಕೂರಿಸುತ್ತಾರೆ. ತಣ್ಣಗಾದಾಗ ಆಕಾರ ನಿಲ್ಲುತ್ತದೆ. ಶಾಖ ಕೊಟ್ಟ ಆಕಾರವನ್ನು ಶಾಖವೇ ಕಿತ್ತುಕೊಳ್ಳಬಲ್ಲದು.

ಪಿಇಟಿಜಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಹಾಗಾದರೆ 60 ಡಿಗ್ರಿಯ ನೀರು ಸುರಕ್ಷಿತವೇ? ಅಲ್ಲ. ಕಣ್ಣಿಗೆ ಕಾಣುವಂತೆ ಬಾಗುವುದಕ್ಕೂ ಬಹಳ ಮೊದಲೇ ಪ್ಲಾಸ್ಟಿಕ್‌ನೊಳಗಿನ ಉದ್ದುದ್ದ ಅಣುಸರಪಳಿಗಳು ಬಿಗಿ ಬಿಟ್ಟು ಜರುಗತೊಡಗುತ್ತವೆ. ಬಿಸಿ ಏರಿದಷ್ಟೂ ಈ ಜರುಗುವಿಕೆಯ ವೇಗ ಹೆಚ್ಚು. ಅಲೈನರ್ ನೋಡಲು ಹಾಗೇ ಇರುತ್ತದೆ, ತಳ್ಳುವ ಬಲ ಮಾತ್ರ ಕುಗ್ಗಿರುತ್ತದೆ. ಈ ಅದೃಶ್ಯ ನಷ್ಟವೇ ಅಪಾಯಕಾರಿ, ಏಕೆಂದರೆ ತೊಟ್ಟವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಕುದಿನೀರು, ಪಾತ್ರೆ ತೊಳೆಯುವ ಯಂತ್ರ, ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಜಾಗ ಇವೆಲ್ಲ ನಿಷಿದ್ಧ. ಅಲೈನರ್ ತೊಟ್ಟುಕೊಂಡೇ ಬಿಸಿ ಕಾಫಿ, ಚಹಾ ಕುಡಿಯುವುದೂ ಈ ಸಾಲಿಗೇ ಸೇರುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು.

ಟೂತ್‌ಪೇಸ್ಟ್‌ನದು ಬೇರೆಯೇ ತೊಂದರೆ. ಅದರಲ್ಲಿ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ನುಣ್ಣನೆಯ ಕಣಗಳಿರುತ್ತವೆ. ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು, ಅದು ಈ ಉಜ್ಜುವಿಕೆಯನ್ನು ತಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ ತಡೆಯುವುದಿಲ್ಲ. ಪ್ರತಿ ಸಲವೂ ಅದರ ಮೇಲೆ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ಗೀರುಗಳು ಬೆಳಕನ್ನು ಚದುರಿಸುವುದರಿಂದ ಅಲೈನರ್ ಮಬ್ಬಾಗುತ್ತದೆ, ಅದು ಅಂದದ ಪ್ರಶ್ನೆಯಾಯಿತು. ಅದಕ್ಕಿಂತ ಗಂಭೀರವಾದದ್ದು, ಆ ಗೀರುಗಳು ಬ್ಯಾಕ್ಟೀರಿಯಾಗಳಿಗೆ ಬ್ರಷ್ಷಿನ ಎಳೆ ತಲುಪದ ಅಡಗುತಾಣಗಳಾಗುತ್ತವೆ. ಸ್ವಚ್ಛಗೊಳಿಸಲು ಹೋಗಿ ಕೊಳೆಗೆ ಜಾಗ ಮಾಡಿಕೊಟ್ಟಂತಾಯಿತು.

ಬಾಯಿಯ ಬ್ಯಾಕ್ಟೀರಿಯಾಗಳ ಹಟ ಎಂಥದ್ದು ಎಂಬುದನ್ನು ಮೊದಲು ಗುರುತಿಸಿದವರು ನೆದರ್ಲೆಂಡ್ಸ್‌ನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟೊನಿ ಫಾನ್ ಲೇವೆನ್‌ಹುಕ್. ತಮ್ಮ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ತಾವೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಓಡಾಡುತ್ತಿದ್ದ ಜೀವಿಗಳ ಬಗ್ಗೆ 1683ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ ಪತ್ರ ಬರೆದರು. ವಿನೆಗರ್‌ನಿಂದ ಹಲ್ಲು ತೊಳೆದರೂ ಪಾಚಿಯ ಹೊರಭಾಗದ ಜೀವಿಗಳಷ್ಟೇ ಸತ್ತು ಒಳಗಿನವು ಉಳಿಯುತ್ತವೆ ಎಂಬುದನ್ನೂ ಅವರು ಕಂಡುಕೊಂಡರು. ಮೂರು ಶತಮಾನಗಳ ಹಿಂದಿನ ಈ ಗಮನಿಕೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ, ಅಲೈನರ್ ತೊಳೆಯುವ ವಿಧಾನಕ್ಕೆ ಬೇಕಾದ ಮುಖ್ಯ ತಿಳಿವಳಿಕೆ ಅದರಲ್ಲೇ ಇದೆ. ಬಾಯಿಯೊಳಗೆ ಹೋದ ಕೂಡಲೇ ಪ್ಲಾಸ್ಟಿಕ್‌ನ ಮೇಲೆ ಜೊಲ್ಲಿನ ಪ್ರೋಟೀನುಗಳು ತೆಳುವಾಗಿ ಹರಡಿಕೊಳ್ಳುತ್ತವೆ. ಆ ಪದರಕ್ಕೆ ಮೊದಲು ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಅಂಟುತ್ತವೆ, ಅವುಗಳ ಮೇಲೆ ಇನ್ನಷ್ಟು. ಅವು ತಾವೇ ಸ್ರವಿಸಿದ ಲೋಳೆಯಲ್ಲಿ ಹುದುಗಿಕೊಂಡು ಕೂಡಿ ಬಾಳುತ್ತವೆ. ಆ ಲೋಳೆಯ ಮೇಲ್ಭಾಗ ಕರಗಿದರೂ ಒಳಭಾಗ ಭದ್ರ. ಹಾಗಾಗಿ ಯಾವ ದ್ರಾವಣದಲ್ಲಿ ನೆನೆಸಿಟ್ಟರೂ ಬ್ರಷ್ಷಿನಿಂದ ತಿಕ್ಕುವ ಕೆಲಸ ತಪ್ಪುವುದಿಲ್ಲ.

ಇನ್ನು ಅಲೈನರ್‌ನ ಕೆಳಗೆ ಸಿಕ್ಕಿಕೊಂಡ ಹಲ್ಲಿನ ಪಾಡು. ನಾವು ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲೀಯತೆಯ ಅಳತೆಯಾದ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಬರಿಯ ಹಲ್ಲಿಗಾದರೆ ಜೊಲ್ಲು ನೆರವಿಗೆ ಬರುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ಶಮನಗೊಳಿಸಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಸ್ಥಿತಿಯನ್ನು ಹತೋಟಿಗೆ ತರುತ್ತದೆ. ಅಲೈನರ್ ತೊಟ್ಟ ಹಲ್ಲಿನ ಮೇಲೆ ಜೊಲ್ಲು ಸರಾಗವಾಗಿ ಹರಿಯುವುದಿಲ್ಲ. ತೊಟ್ಟುಕೊಂಡೇ ಸಿಹಿ ಪಾನೀಯ ಕುಡಿದರೆ ಅದು ಸಂದಿಯಿಂದ ಒಳಸೇರಿ ಗಂಟೆಗಟ್ಟಲೆ ಹಲ್ಲನ್ನು ತೊಯ್ಯಿಸುತ್ತಲೇ ಇರುತ್ತದೆ. ದಿನಕ್ಕೆ 20ರಿಂದ 22 ಗಂಟೆ ತೊಡುವ ಸಾಧನವಿದು ಎಂಬುದನ್ನು ನೆನೆದರೆ, ತೊಟ್ಟಿರುವಾಗ ನೀರೊಂದನ್ನೇ ಕುಡಿಯಿರಿ ಎಂದು ವೈದ್ಯರು ಪಟ್ಟು ಹಿಡಿಯುವುದೇಕೆ ಎಂದು ಅರ್ಥವಾಗುತ್ತದೆ. ತಿಂದ ಮೇಲೆ ಹಲ್ಲುಜ್ಜಿ ತೊಡುವುದು ಉತ್ತಮ, ಅನುಕೂಲವಿಲ್ಲದಿದ್ದರೆ ಬಾಯಿ ಮುಕ್ಕಳಿಸಿಯಾದರೂ ತೊಡಬೇಕು.

ದಿನನಿತ್ಯದ ಶುಚಿ ಬಹಳ ಸರಳ. ಬಾಯಿಯಿಂದ ತೆಗೆದ ತಕ್ಷಣ ನಲ್ಲಿಯ ತಣ್ಣೀರಿನಲ್ಲಿ ತೊಳೆಯಿರಿ. ಈ ತಕ್ಷಣ ಎಂಬುದು ಮುಖ್ಯ. ಜೊಲ್ಲು ಹಸಿಯಾಗಿರುವಾಗ ನೀರಿಗೇ ಹೋಗುತ್ತದೆ, ಒಣಗಿದರೆ ಅಂಟಿಕೊಂಡು ವಾಸನೆಗೂ ಬಿಳಿ ಕಲೆಗೂ ದಾರಿಯಾಗುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಮೃದು ಎಳೆಯ ಬ್ರಷ್ಷಿಗೆ ಪರಿಮಳವಿಲ್ಲದ, ಬಣ್ಣವಿಲ್ಲದ ದ್ರವ ಸೋಪಿನ ಒಂದು ಹನಿ ಹಾಕಿ ಒಳಗೂ ಹೊರಗೂ ಹಗುರವಾಗಿ ತಿಕ್ಕಿ ಚೆನ್ನಾಗಿ ತೊಳೆಯಿರಿ. ಹಲ್ಲಿನ ಗುಳಿಗಳು ಮೂಡಿರುವ ಒಳಮೈಗೆ ಹೆಚ್ಚು ಗಮನ ಕೊಡಿ. ಈ ಕೆಲಸಕ್ಕೆ ಬ್ರಷ್ ಬೇರೆಯೇ ಇರಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಪೇಸ್ಟಿನ ಕಣಗಳು ಉಳಿದಿರುತ್ತವೆ.

ನೊರೆಯೇಳುವ ಗುಳಿಗೆಗಳ ಬಗ್ಗೆ ಹಲವರು ಕೇಳುತ್ತಾರೆ. ಅವು ನೀರಿಗೆ ಬಿದ್ದಾಗ ಸಿಟ್ರಿಕ್ ಆಮ್ಲ ಮತ್ತು ಸೋಡಿಯಂ ಬೈಕಾರ್ಬೊನೇಟ್ ಸೇರಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೇಳುತ್ತವೆ, ಜೊತೆಗಿರುವ ಆಕ್ಸಿಜನ್ ಬಿಡುವ ಲವಣಗಳು ಕಲೆ ತೆಗೆಯುತ್ತವೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಆಗಾಗ ಬಳಸಲು ಅಡ್ಡಿಯಿಲ್ಲ. ಆದರೆ ಕೆಲವು ಗುಳಿಗೆಗಳಲ್ಲಿರುವ ಪರ್ಸಲ್ಫೇಟ್ ಕೆಲವರಿಗೆ ಅಲರ್ಜಿ ತರುತ್ತದೆ. ಪೊಟ್ಟಣದ ಮೇಲಿನ ಬರಹ ಓದಿ, ನೆನೆಸಿದ ನಂತರ ಅಲೈನರನ್ನು ಧಾರಾಳ ನೀರಿನಲ್ಲಿ ತೊಳೆದೇ ತೊಡಿ. ಬಿಳಿಯ ಗಟ್ಟಿ ಕಿಟ್ಟ ಕಟ್ಟಿದ್ದರೆ ಅದು ಜೊಲ್ಲಿನಿಂದ ಬಂದ ಕ್ಯಾಲ್ಸಿಯಂ ಫಾಸ್ಫೇಟ್. ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ಇಟ್ಟು ತಿಕ್ಕಿದರೆ ಸಡಿಲವಾಗುತ್ತದೆ, ಆ ಲವಣಕ್ಕೆ ಆಮ್ಲದಲ್ಲಿ ಕರಗುವ ಗುಣವಿದೆ. ಬ್ಲೀಚ್ ಬೇಡವೇ ಬೇಡ. ಬಣ್ಣದ ಮೌತ್‌ವಾಶ್‌ನಲ್ಲಿ ನೆನೆಸಿಡುವುದೂ ಬೇಡ, ಅದರ ಬಣ್ಣ ಪ್ಲಾಸ್ಟಿಕ್‌ಗೆ ಹಿಡಿಯುತ್ತದೆ.

ತೊಳೆಯುವಷ್ಟೇ ಮುಖ್ಯ ಇಡುವ ಜಾಗ. ಊಟಕ್ಕೆ ಕೂತಾಗ ಅಲೈನರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡುವುದು ಕಳೆದುಕೊಳ್ಳುವ ಖಚಿತ ದಾರಿ, ಮೇಜು ಒರೆಸುವವರ ಕಣ್ಣಿಗೆ ಅದು ಕಸ. ಮನೆಯಲ್ಲಿ ನಾಯಿಯಿದ್ದರೆ ಇನ್ನೂ ಎಚ್ಚರಿಕೆ ಬೇಕು. ಜೊಲ್ಲಿನ ವಾಸನೆ ನಾಯಿಗಳನ್ನು ಸೆಳೆಯುತ್ತದೆ, ಅಗಿದು ಚೂರಾದ ಪ್ಲಾಸ್ಟಿಕ್ ನುಂಗಿದರೆ ಅದರ ಜೀವಕ್ಕೂ ಕುತ್ತು. ಬಾಯಿಯಲ್ಲಿಲ್ಲದ ಹೊತ್ತಿನಲ್ಲಿ ಅಲೈನರ್ ಡಬ್ಬಿಯಲ್ಲೇ ಇರಬೇಕು. ಡಬ್ಬಿ ಗಟ್ಟಿಯಾಗಿರಲಿ, ಗಾಳಿಯಾಡಲು ರಂಧ್ರಗಳಿರಲಿ. ಒದ್ದೆ ಅಲೈನರನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ತೇವ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಹಬ್ಬ, ಆದ್ದರಿಂದ ನೀರು ಕೊಡವಿ ಇಡಿ. ಡಬ್ಬಿಯನ್ನೂ ಸೋಪು ಹಾಕಿ ತೊಳೆದು ಒಣಗಿಸುವುದನ್ನು ಅನೇಕರು ಮರೆಯುತ್ತಾರೆ. ಶುಚಿಯಾದ ಅಲೈನರ್ ಕೊಳಕು ಡಬ್ಬಿಗೆ ಹೋದರೆ ತೊಳೆದ ಶ್ರಮ ವ್ಯರ್ಥ.

ಒಂದು ಜೊತೆಯ ಅವಧಿ ಮುಗಿದು ಮುಂದಿನದಕ್ಕೆ ಹೋದಾಗ ಹಿಂದಿನದನ್ನು ಎಸೆಯಬೇಡಿ. ತೊಳೆದು, ಒಣಗಿಸಿ, ಅದರ ಸಂಖ್ಯೆ ಬರೆದು ಬೇರೆ ಡಬ್ಬಿಯಲ್ಲಿಡಿ. ಈಗಿನದು ಒಡೆದರೆ ಅಥವಾ ಕಳೆದರೆ ಹಲ್ಲುಗಳು ಹಳೆಯ ಜಾಗದತ್ತ ಜಾರಲು ಹೆಚ್ಚು ದಿನ ಬೇಕಿಲ್ಲ. ಅಂಥ ಸಂದರ್ಭದಲ್ಲಿ ಮೊದಲು ವೈದ್ಯರಿಗೆ ಫೋನ್ ಮಾಡಿ. ಹಿಂದಿನದನ್ನೇ ಮತ್ತೆ ತೊಡಬೇಕೋ, ಮುಂದಿನದಕ್ಕೆ ಹೋಗಬಹುದೋ ಎಂಬುದನ್ನು ಅವರು ನಿಮ್ಮ ಹಲ್ಲು ಎಷ್ಟು ಸರಿದಿದೆ ಎಂಬುದರ ಮೇಲೆ ಹೇಳುತ್ತಾರೆ. ಹಿಂದಿನ ಜೊತೆ ಕೈಯಲ್ಲಿದ್ದರೆ ಮಾತ್ರ ಆ ಎರಡು ದಾರಿಗಳೂ ತೆರೆದಿರುತ್ತವೆ.