ನೋವಿನ ಗುಳಿಗೆ, ಒಣ ಚಟ್ನಿ ಮತ್ತು ರಕ್ತದೊತ್ತಡ

ಮುಧೋಳ, ಜಮಖಂಡಿ ಕಡೆಯಿಂದ ಬಾಗಲಕೋಟೆಗೆ ಚಿಕಿತ್ಸೆಗೆಂದು ಬರುವ ಅನೇಕ ರೈತರಿಗೆ ತಮ್ಮ ರಕ್ತದೊತ್ತಡ ಹೆಚ್ಚಿದೆ ಎಂಬುದು ತಿಳಿಯುವುದೇ ಬೇರೆ ಯಾವುದೋ ಕಾಯಿಲೆಗೆ ತಪಾಸಣೆ ಮಾಡಿಸಿಕೊಂಡಾಗ. “ನನಗ ತಲಿನೂ ನೋಯಂಗಿಲ್ಲ, ಚಕ್ಕರೂ ಬರಂಗಿಲ್ರೀ, ಬಿಪಿ ಹೆಂಗ ಬಂತು?” ಎಂದು ಅವರು ಕೇಳುವುದು ಸಹಜ. ಆದರೆ ಬಹುತೇಕರಲ್ಲಿ ಇದು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಹೃದಯ, ಮೆದುಳು, ಮೂತ್ರಪಿಂಡ ಮತ್ತು ಕಣ್ಣಿನ ರಕ್ತನಾಳಗಳನ್ನು ಕೆಡಿಸುತ್ತಲೇ ಇರುತ್ತದೆ.

ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತೇವೆ. ಬಸ್ಸಿಳಿದು ಅವಸರದಲ್ಲಿ ಬಂದವರನ್ನು ಕೂಡಲೇ ಅಳೆದರೆ ಸರಿಯಾದ ಅಂಕಿ ಸಿಗುವುದಿಲ್ಲ. ಅದಕ್ಕೆ ಮೊದಲಿನ ಅರ್ಧ ಗಂಟೆ ಚಹಾ, ತಂಬಾಕು ಸೇವಿಸದೆ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು.

ವಯಸ್ಸು, ವಂಶಪಾರಂಪರ್ಯ, ಬೊಜ್ಜು, ಸಕ್ಕರೆ ಕಾಯಿಲೆ, ಮದ್ಯಪಾನ ಇವೆಲ್ಲ ಅಪಾಯಕಾರಿ ಅಂಶಗಳೆಂದು ಈಗ ಬಹಳಷ್ಟು ಜನರಿಗೆ ಗೊತ್ತಿದೆ. ಯಾರೂ ಅನುಮಾನಿಸದೇ ಇರುವುದು ನೋವಿನ ಗುಳಿಗೆಯನ್ನು. ನೀವು ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಮೇಜಿನ ಮೇಲಿಡಿ ಎಂದರೆ, ಚೀಲದಿಂದ ಬಿಪಿ ಗುಳಿಗೆಯ ತುಂಬಿದ ಪಟ್ಟಿಯೂ ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕಿನ ಮುಗಿಯುತ್ತ ಬಂದ ಪಟ್ಟಿಯೂ ಒಟ್ಟಿಗೆ ಹೊರಬರುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಔಷಧಗಳು ಮೂತ್ರಪಿಂಡವು ಉಪ್ಪನ್ನೂ ನೀರನ್ನೂ ದೇಹದಲ್ಲೇ ಉಳಿಸಿಕೊಳ್ಳುವಂತೆ ಮಾಡಿ ರಕ್ತದೊತ್ತಡವನ್ನು ಏರಿಸುತ್ತವೆ. ಬಿಪಿ ಗುಳಿಗೆಯ ಪರಿಣಾಮವನ್ನೂ ತಗ್ಗಿಸುತ್ತವೆ. ದಿನವಿಡೀ ಕಬ್ಬಿನ ಗದ್ದೆಯಲ್ಲಿ ಬಾಗಿ ದುಡಿಯುವವರಿಗೆ ನೋವನ್ನು ಸಹಿಸಿಕೊಳ್ಳಿ ಎಂದು ಹೇಳುವುದು ನ್ಯಾಯವಲ್ಲ. ಅಂಥವರಿಗೆ ಯಾವ ಔಷಧ, ಎಷ್ಟು ದಿನ ಎಂಬುದನ್ನು ವೈದ್ಯರೇ ನಿಗದಿಪಡಿಸಬೇಕು.

ಉಪ್ಪಿನ ವಿಷಯದಲ್ಲೂ ಲೆಕ್ಕ ತಪ್ಪುವುದು ನಮಗೆ ಅರಿವಿಲ್ಲದೆಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಅಡುಗೆಯೂ ಸೇರಿ ಒಂದು ಚಹಾ ಚಮಚಕ್ಕಿಂತ ಕಡಿಮೆ. ನಮ್ಮ ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ಅದರ ಜೊತೆ ತಾಟಿಗೆ ಬರುವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಸೇರಿಕೊಂಡಿರುತ್ತದೆ. ಚಟ್ನಿಯನ್ನು ಬಿಡಬೇಕಿಲ್ಲ, ಕುಟ್ಟುವಾಗಲೇ ಉಪ್ಪನ್ನು ಅರ್ಧಕ್ಕಿಳಿಸಿದರೆ ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ತಂಬಾಕು ಎಂದಾಗ ಬೀಡಿ, ಗುಟ್ಕಾ ಮಾತ್ರ ನೆನಪಿಗೆ ಬರುತ್ತವೆ. ಹಲ್ಲಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಉಜ್ಜುವ ಹಿರಿಯ ತಾಯಂದಿರ ದೇಹಕ್ಕೂ ನಿಕೋಟಿನ್ ಸೇರುತ್ತದೆ ಎಂಬುದನ್ನು ಮನೆಯವರೇ ಗಮನಿಸಿ ತಿಳಿಹೇಳಬೇಕು.

ಗುಳಿಗೆ ಶುರುಮಾಡಿದ ಮೇಲೆ ಅಂಕಿ ಇಳಿಯಿತೆಂದು ತಾವೇ ನಿಲ್ಲಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ, ಏಕೆಂದರೆ ಅಂಕಿ ಇಳಿದಿರುವುದು ಆ ಗುಳಿಗೆಯಿಂದಲೇ. ತೂಕ ಇಳಿದು, ಉಪ್ಪು ಕಡಿಮೆಯಾಗಿ, ಹಲವು ವಾರಗಳ ಅಳತೆ ಸರಿಯಿದ್ದರೆ ಪ್ರಮಾಣವನ್ನು ತಗ್ಗಿಸಬಹುದೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಇನ್ನು ಎದೆನೋವು, ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲಿನ ಶಕ್ತಿ ಕುಂದುವುದು ಕಂಡುಬಂದರೆ ಬಿಪಿ ನೋಡಿಸಲು ಅಲ್ಲಿ ಇಲ್ಲಿ ಅಲೆಯದೆ 108ಕ್ಕೆ ಕರೆಮಾಡಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.