ಬಾಗುವ ಕೋಲು, ಹಿಗ್ಗುವ ದಾರ

ಅಮೆರಿಕದ ಸಿಯಾಟಲ್ ನಗರದ ಮಗ್ಗುಲಲ್ಲೇ ಇರುವ ಪ್ಯೂಜೆಟ್ ಸೌಂಡ್ ಎಂಬ ಕಡಲತೋಳಿಗೆ ಬೆಸ ಸಂಖ್ಯೆಯ ವರ್ಷಗಳಲ್ಲಿ, ಆಗಸ್ಟ್ ಹೊತ್ತಿಗೆ, ಪಿಂಕ್ ಸಾಲ್ಮನ್ ಮೀನುಗಳು ಲಕ್ಷಗಟ್ಟಲೆ ಬರುತ್ತವೆ. ಈ ಮೀನಿನ ಆಯಸ್ಸು ಎರಡೇ ವರ್ಷ. 2023ರಲ್ಲಿ ನದಿ ಹತ್ತಿ, ಮೊಟ್ಟೆಯಿಟ್ಟು ಸತ್ತವುಗಳ ಮರಿಗಳೇ ಬೆಳೆದು 2025ರಲ್ಲಿ ಮರಳಿದ್ದು. ಮೊಟ್ಟೆಯಿಡುವ ಕಾಲಕ್ಕೆ ಗಂಡುಮೀನಿನ ಬೆನ್ನು ಗೂನಾಗುವುದರಿಂದ ಅಲ್ಲಿನವರ ಬಾಯಲ್ಲಿ ಇದರ ಹೆಸರು ‘ಹಂಪಿ’ (ಇಂಗ್ಲಿಷಿನಲ್ಲಿ ‘ಹಂಪ್’ ಎಂದರೆ ಗೂನು). ಕನ್ನಡದ ಮಕ್ಕಳು ಈ ಹೆಸರನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ತೂಕ ಎರಡು ಕೆ.ಜಿ. ಆಸುಪಾಸು. ಮನೆಮಂದಿಯೆಲ್ಲ ದೋಣಿ ಹತ್ತಿ ಗಾಳ ಹಾಕುವುದಕ್ಕೆ ಹೇಳಿ ಮಾಡಿಸಿದ ಮೀನು.

ಅಂಗಡಿಗೆ ಹೋದಾಗ ಬಿರುಸಾದ ಕೋಲು, ಉಕ್ಕಿನಂಥ ದಾರದ ಕಡೆಗೇ ಕೈ ಹೋಗುತ್ತದೆ. ನಾನಾದರೆ ದೋಣಿಯಲ್ಲಿ ಎಲ್ಲರಿಗಿಂತ ಚಿಕ್ಕ ಕೈ ಯಾರದೋ ಅವರಿಗೆ ಹೊಂದುವುದನ್ನು ಕೊಳ್ಳಿ ಎನ್ನುತ್ತೇನೆ.

ಗಾಳದ ಕೋಲು ಒಂದು ಸನ್ನೆಗೋಲು, ಆದರೆ ಅದು ದುಡಿಯುವುದು ಮೀನಿನ ಪರವಾಗಿ. ಎಂಟಡಿ, ಅಂದರೆ ಸುಮಾರು 2.4 ಮೀಟರ್ ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ, ಬುಡದಿಂದ 60 ಸೆಂ.ಮೀ. ಮೇಲೆ ಕೈಯಿಟ್ಟಿದ್ದೀರಿ ಎನ್ನಿ. ತುದಿಯಲ್ಲಿ ಮೀನು ಒಂದು ಕೆ.ಜಿ. ಬಲದಿಂದ ಅಡ್ಡಕ್ಕೆ ಎಳೆದರೆ ಕೈಗೆ ಬೀಳುವ ಭಾರ ನಾಲ್ಕು ಕೆ.ಜಿ.! ಕೋಲು ಮೆದುವಾಗಿದ್ದು ಚೆನ್ನಾಗಿ ಬಾಗಿತೋ, ಹೊಟ್ಟೆಗೂ ದಾರದ ಎಳೆತಕ್ಕೂ ನಡುವಿನ ಅಂತರ ತಗ್ಗುತ್ತದೆ. ಅಂತರ ಅರ್ಧವಾದರೆ ಭಾರವೂ ಅರ್ಧ.

ದಾರಕ್ಕೂ ಇದೇ ಮಾತು. ಹೆಣೆದ ದಾರ ಹಿಗ್ಗುವುದೇ ಇಲ್ಲ ಎನ್ನಬಹುದು. ಒಂಟಿ ಎಳೆಯ ನೈಲಾನ್ ದಾರವಾದರೆ ತುಂಡಾಗುವ ಮೊದಲು ಉದ್ದದ ಐದನೇ ಒಂದರಷ್ಟಾದರೂ ಹಿಗ್ಗುತ್ತದೆ. ಲಾರಿಯಿಂದ ಎಸೆದ ಇಟ್ಟಿಗೆ ಹಿಡಿಯುವವರು ಅದರ ಜೊತೆಗೇ ಕೈಯನ್ನು ಹಿಂದಕ್ಕೆ ತರುತ್ತಾರಲ್ಲ, ಅದೇ ಲೆಕ್ಕ. ಪಿಂಕ್ ಸಾಲ್ಮನ್ನಿನ ಬಾಯಿ ಬಲು ಮೆದು, ಜಗ್ಗಿದರೆ ಹರಿಯುತ್ತದೆ. ಒಂಬತ್ತು ಕೆ.ಜಿ. ತಾಳುವ ದಾರವಿದ್ದರೂ ಅದನ್ನು ಸುತ್ತಿರುವ ರೀಲಿನ ಬ್ರೇಕು ಎರಡು ಕೆ.ಜಿ. ಎಳೆತಕ್ಕೇ ಜಾರುವಂತಿರಲಿ. ಮನೆಯಲ್ಲೇ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಬಹುದು.

ಬಾಗುವ ಕೋಲಿಗೆ ಇನ್ನೊಂದು ಕಾರಣವಿದೆ. ಅಲ್ಲಿ ಸಾಲ್ಮನ್ ಹಿಡಿಯಲು ಹಿಮ್ಮುಳ್ಳಿಲ್ಲದ, ಅಂದರೆ ಮೊನೆಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ, ಗಾಳವನ್ನೇ ಬಳಸಬೇಕೆಂಬ ಕಾನೂನಿದೆ. ಬಿಡಬೇಕಾದ ಮೀನು ಗಾಯವಿಲ್ಲದೆ ಹೋಗಲಿ ಎಂದು. ಆದರೆ ದಾರ ಒಂದು ಗಳಿಗೆ ಸಡಿಲವಾದರೂ ಇಂಥ ಗಾಳ ಕಳಚಿಕೊಳ್ಳುತ್ತದೆ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಕೋಲಿನ ತುದಿ ನೀರು ಮುಟ್ಟುವಷ್ಟು ಬಾಗಿತ್ತು, ದಾರ ಗಾಳಿಗೆ ಗುಂಯ್ ಎನ್ನುತ್ತಿತ್ತು. ಅರ್ಧಕ್ಕೇ “ಕೈ ನೋಯ್ತಿದೆ ಅಪ್ಪಾ” ಎಂದು ರೀಲು ಸುತ್ತುವುದನ್ನು ನಿಲ್ಲಿಸಿಬಿಟ್ಟಳು. ಮೀನು ಹೋಗಲಿಲ್ಲ. ಬಾಗಿದ ಕೋಲು ನೆಟ್ಟಗಾಗಲು ಹವಣಿಸುತ್ತಾ, ಅವಳು ಸುಧಾರಿಸಿಕೊಳ್ಳುವವರೆಗೆ ದಾರವನ್ನು ತಾನೇ ಬಿಗಿಯಾಗಿ ಹಿಡಿದಿತ್ತು.

ಎರೆಯನ್ನು ಆಳಕ್ಕೆ ಇಳಿಸಲು ದೋಣಿಗೆ ಡೌನ್‌ರಿಗ್ಗರ್ ಇದ್ದರೆ ಒಳ್ಳೆಯದು. ನಾಲ್ಕೈದು ಕೆ.ಜಿ.ಯ ಸೀಸದ ಗುಂಡು ಬೇರೆಯೇ ತಂತಿಯಲ್ಲಿ ಇಳಿಯುತ್ತದೆ, ದಾರವನ್ನು ಅದಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ಕ್ಲಿಪ್ಪು ಬಿಟ್ಟುಕೊಳ್ಳುವುದರಿಂದ ಮಗುವಿನ ಕೈಗೆ ಮೀನಿನ ಭಾರ ಮಾತ್ರ. ನೀರು ಕೆಂಪು ಬೆಳಕನ್ನು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ; ಆಳದಲ್ಲಿ ಕೆಂಪು ಎರೆಬೊಂಬೆ ಕಪ್ಪಾಗಿ ಕಾಣುತ್ತದೆ. ಅಲ್ಲಿಗೆ ಹಸಿರು, ಬಿಳಿ ವಾಸಿ.

ಬಣ್ಣಕ್ಕಿಂತ ನಾನು ಹೆಚ್ಚು ಯೋಚಿಸುವುದು ವಾಸನೆಯ ಬಗ್ಗೆ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಮನುಷ್ಯರ ಕೈ, ಕರಡಿಯ ಪಂಜ ತೊಳೆದ ನೀರನ್ನು ಹೊಳೆಗೆ ಸುರಿದು ನೋಡಿದರು. ಮೇಲೇರುತ್ತಿದ್ದ ಸಾಲ್ಮನ್‌ಗಳು ಬೆದರಿ ಹಿಂದೆ ಸರಿದವು. ಚರ್ಮದಿಂದ ಬರುವ ಎಲ್-ಸೆರೀನ್ ಎಂಬ ಅಮೈನೋ ಆಮ್ಲವೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಅದಕ್ಕೇ ನಮ್ಮ ಗಾಳದ ಪೆಟ್ಟಿಗೆಯಲ್ಲಿ ಇಕ್ಕಳದ ಪಕ್ಕ ವಾಸನೆಯಿಲ್ಲದ ಒಂದು ಸೋಪು ಇರುತ್ತದೆ. ಚಕ್ಕುಲಿ ತಿಂದ ಕೈಗಳು ಎರೆ ಮುಟ್ಟುವ ಮೊದಲು ಅದನ್ನು ಮುಟ್ಟಬೇಕು.