ತಂತ್ರಾಂಶದ ಕಳ್ಳನಕಲು ತಡೆಯುವ ವಿಧಾನಗಳು: ಒಂದು ತುಲನಾತ್ಮಕ ಟಿಪ್ಪಣಿ

ಮಂಡ್ಯದ ಬೆಲ್ಲದ ಮಂಡಿಗಳಿಗೆಂದು ಮೈಸೂರಿನ ಸಣ್ಣ ಕಂಪನಿಯೊಂದು ಬಿಲ್ಲಿಂಗ್ ತಂತ್ರಾಂಶ ಬರೆದು ಮಾರುತ್ತಿದೆ ಎಂದಿಟ್ಟುಕೊಳ್ಳೋಣ. ರೈತರು ತಂದ ಬೆಲ್ಲದ ತೂಕ, ದರ, ಹಮಾಲಿ, ಕಮಿಷನ್ ಎಲ್ಲವನ್ನೂ ಲೆಕ್ಕ ಹಾಕಿ ಬಿಲ್ ಮುದ್ರಿಸುವುದಷ್ಟೇ ಅದರ ಕೆಲಸ. ಒಬ್ಬರು ಕೊಂಡ ಪ್ರತಿಯನ್ನು ಪಕ್ಕದ ಮಂಡಿಯವರು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗದಂತೆ ತಡೆಯುವುದು ಹೇಗೆ? ಪರೀಕ್ಷೆಗಾಗಿ ಓದುವಾಗ ನಾವು ಈ ವಿಧಾನಗಳ ಗುಣದೋಷಗಳನ್ನು ಕೋಷ್ಟಕದಲ್ಲಿ ಬರೆದು ಬಾಯಿಪಾಠ ಮಾಡುತ್ತೇವೆ. ಆದರೆ ಒಂದು ವಿಧಾನವನ್ನು ಇನ್ನೊಂದರಿಂದ ನಿಜವಾಗಿ ಬೇರ್ಪಡಿಸುವುದು ಎರಡೇ ಸಂಗತಿಗಳು: ಪರಿಶೀಲನೆ ಯಾರ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಮತ್ತು ಆ ಪರಿಶೀಲನೆಯನ್ನು ಕಿತ್ತು ಹಾಕಿದ ಮೇಲೂ ಪ್ರೋಗ್ರಾಂ ಕೆಲಸ ಮಾಡುತ್ತದೆಯೇ.

ಎಲ್ಲಕ್ಕಿಂತ ಅಗ್ಗದ ವಿಧಾನ ಲೈಸೆನ್ಸ್ ಕೀ. ಬಳಕೆದಾರ ಟೈಪ್ ಮಾಡಿದ ಸಂಖ್ಯೆ ಒಂದು ಗೊತ್ತಾದ ನಿಯಮಕ್ಕೆ ಹೊಂದುತ್ತದೆಯೇ ಎಂದು ಪ್ರೋಗ್ರಾಂ ನೋಡುತ್ತದೆ. ವಿಂಡೋಸ್ 95ರ ಅಂಗಡಿ ಪ್ರತಿಗಳ ಕೀಯಲ್ಲಿ ಕೊನೆಯ ಏಳು ಅಂಕಿಗಳ ಮೊತ್ತ 7ರಿಂದ ಭಾಗವಾಗಬೇಕಿತ್ತು. ಆದ್ದರಿಂದ 111-1111111 ಎಂದು ಹೊಡೆದರೂ ಅದು ಒಪ್ಪಿಕೊಳ್ಳುತ್ತಿತ್ತು. ನಿಯಮ ಇಷ್ಟು ಸರಳವಾಗಿರಬೇಕೆಂದೇನೂ ಇಲ್ಲ. ಆದರೆ ಎಷ್ಟೇ ಜಟಿಲವಾದರೂ ಅದು ಪ್ರೋಗ್ರಾಂನ ಒಳಗೇ ಇರುವುದರಿಂದ, ಅದನ್ನು ಬಿಡಿಸಿ ಓದಿದವರು ಬೇಕಾದಷ್ಟು ಕೀಗಳನ್ನು ಹುಟ್ಟಿಸುವ ಕೀಜೆನ್ ಬರೆಯಬಲ್ಲರು.

ಡಿಜಿಟಲ್ ಸಹಿ, ಅಂದರೆ ಒಂದಕ್ಕೊಂದು ಜೋಡಿಯಾದ ಎರಡು ಕೀಲಿಸಂಖ್ಯೆಗಳ ಮೇಲೆ ನಿಂತ ಗಣಿತದ ಮುದ್ರೆ, ಈ ಕೊರತೆಯನ್ನು ನೀಗಿಸುತ್ತದೆ. ಸಹಿ ಮಾಡುವ ಖಾಸಗಿ ಕೀಲಿ ಮೈಸೂರಿನ ಕಚೇರಿಯಲ್ಲೇ ಉಳಿಯುತ್ತದೆ, ಸಾರ್ವಜನಿಕ ಕೀಲಿ ಮಾತ್ರ ಪ್ರೋಗ್ರಾಂ ಜೊತೆ ಹೋಗುತ್ತದೆ. ಸಾರ್ವಜನಿಕ ಕೀಲಿಯಿಂದ ಸಹಿಯನ್ನು ಪರಿಶೀಲಿಸಬಹುದೇ ಹೊರತು ಹೊಸ ಸಹಿ ಮಾಡಲಾಗದು. ಹಾಗಾಗಿ ಕೀಜೆನ್ ಬರೆಯುವ ದಾರಿ ಮುಚ್ಚುತ್ತದೆ. ಆರ್‌ಎಸ್‌ಎ ಎಂಬ ವಿಧಾನದಲ್ಲಿ 2048 ಬಿಟ್ಟಿನ ಕೀಲಿಯಿಂದ ಮಾಡಿದ ಸಹಿ 256 ಬೈಟ್ ಉದ್ದವಿರುತ್ತದೆ, ಅದನ್ನು ಕೈಯಲ್ಲಿ ಟೈಪ್ ಮಾಡಿಸುವುದು ಆಗದ ಮಾತು. ಆದ್ದರಿಂದ ಕೀಯ ಬದಲು ಒಂದು ಲೈಸೆನ್ಸ್ ಫೈಲ್ ಕೊಡುವುದೇ ವಾಡಿಕೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕ ಟಿಪ್ಪಣಿಗಳು ಹೇಳುತ್ತವೆ; ಅದು ತಪ್ಪು. ಗಣಿತ ಎಷ್ಟೇ ಗಟ್ಟಿಯಾಗಿದ್ದರೂ ಕೊನೆಗೆ ಪ್ರೊಸೆಸರ್ ಮಾಡುವುದು ಹೌದು–ಅಲ್ಲಗಳ ಒಂದು ನಿರ್ಧಾರವನ್ನು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ 'ಸಮವಾಗಿದ್ದರೆ ಜಿಗಿ' ಎಂಬ ಕಿರು ಆದೇಶದ ಮೊದಲ ಬೈಟ್ ಹೆಕ್ಸ್ (ಹದಿನಾರರ ಅಂಕಿಪದ್ಧತಿ) ಬರಹದಲ್ಲಿ 74, 'ಏನೇ ಇರಲಿ ಜಿಗಿ' ಎಂಬುದರದ್ದು ಇಬಿ. ಫೈಲಿನ ಬೈಟುಗಳನ್ನು ನೇರವಾಗಿ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ಆ ಒಂದು ಬೈಟನ್ನು ತಿದ್ದಿದರೆ ಸುಳ್ಳು ಸಹಿಯೂ ನಿಜವೆಂದೇ ನಡೆಯುತ್ತದೆ. ಇದನ್ನೇ ಪ್ಯಾಚ್ ಅಥವಾ ಕ್ರ್ಯಾಕ್ ಎನ್ನುವುದು. ಕೋಡನ್ನು ಗೋಜಲುಗೊಳಿಸುವುದರಿಂದ, ಪ್ಯಾಕ್ ಮಾಡುವುದರಿಂದ (ಅದುಮಿ ಮುಚ್ಚಿಡುವುದರಿಂದ) ಆ ಬೈಟನ್ನು ಹುಡುಕುವ ಶ್ರಮ ಹೆಚ್ಚುತ್ತದೆ, ಅಷ್ಟೇ.

ಆದ್ದರಿಂದ ಪರಿಶೀಲನೆಯನ್ನು ಬಾಗಿಲ ಬಳಿ ಒಂಟಿಯಾಗಿ ನಿಲ್ಲಿಸದೆ ಕೆಲಸದೊಳಗೇ ಹೆಣೆಯುವುದು ಜಾಣತನ. ನಮ್ಮ ಉದಾಹರಣೆಯಲ್ಲಿ, ಬಿಲ್ಲಿನ ತಲೆಬರಹದಲ್ಲಿ ಬರುವ ಮಂಡಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯನ್ನು ಸಹಿ ಮಾಡಿದ ಲೈಸೆನ್ಸ್ ಫೈಲಿನಿಂದಲೇ ಓದುವಂತೆ ಬರೆಯಬಹುದು. ಆಗ ಕದ್ದ ಪ್ರತಿ ಓಡಿದರೂ ಬಿಲ್ಲಿನ ಮೇಲೆ ಮೊದಲು ಕೊಂಡ ಮಂಡಿಯವರ ಹೆಸರೇ ಮೂಡುತ್ತದೆ, ಅದನ್ನು ಯಾವ ವ್ಯಾಪಾರಿಯೂ ರೈತರ ಕೈಗೆ ಕೊಡಲಾರ. ಇದೂ ಮುರಿಯಲಾಗದ್ದೇನಲ್ಲ, ಆದರೆ ಮಂಡಿಯವರ ಪೆನ್‌ಡ್ರೈವ್ ಕಳ್ಳತನಕ್ಕೆ ಇಷ್ಟು ಸಾಕೆಂದು ನನ್ನ ಅಭಿಪ್ರಾಯ.

ಡಾಂಗಲ್ ಎಂಬುದು ಹಿಂದೆ ಪ್ರಿಂಟರ್ ಪೋರ್ಟಿಗೆ, ಆಮೇಲೆ ಯುಎಸ್‌ಬಿಗೆ ಸಿಕ್ಕಿಸುವಂತಾದ, ಪ್ರೋಗ್ರಾಂ ಓಡಲು ಜೊತೆಗಿರಲೇಬೇಕಾದ ಸಣ್ಣ ಸಾಧನ. ಹಳೆಯ ಡಿಟಿಪಿ ಅಂಗಡಿಗಳವರಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. 'ಡಾಂಗಲ್ ಇದೆಯೇ' ಎಂದು ಮಾತ್ರ ಕೇಳುವ ಪ್ರೋಗ್ರಾಂ ಮೇಲೆ ಹೇಳಿದ ಒಂದು ಬೈಟಿನ ಪ್ಯಾಚಿಗೇ ಸೋಲುತ್ತದೆ. ಲೆಕ್ಕದ ಒಂದು ಭಾಗವನ್ನೋ ಗೂಢಲಿಪಿಯನ್ನು ಬಿಡಿಸುವ (ಡೀಕ್ರಿಪ್ಟ್ ಮಾಡುವ) ಕೀಲಿಯನ್ನೋ ಡಾಂಗಲ್ಲಿನ ಒಳಗೇ ಇಟ್ಟಾಗ ಮಾತ್ರ ಅದಕ್ಕೆ ಬೆಲೆ. ಅದಕ್ಕೆ ತಗಲುವ ಖರ್ಚೂ ಹೆಚ್ಚು, ಕಳೆದುಹೋದರೆ ಗ್ರಾಹಕರ ಪಾಡು ಕೇಳುವಂತಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಮನೆಮಾತಾಗಿಸಿದ ಆ್ಯಕ್ಟಿವೇಶನ್, ಕಂಪ್ಯೂಟರಿನ ಬಿಡಿಭಾಗಗಳ ಗುರುತಿಗೆ ಲೈಸೆನ್ಸನ್ನು ಕಟ್ಟುತ್ತದೆ. ಹಾರ್ಡ್‌ಡಿಸ್ಕ್, ಮದರ್‌ಬೋರ್ಡ್ ಬದಲಾಯಿಸಿದವರು ಮತ್ತೆ ಅರ್ಜಿ ಹಾಕಬೇಕಾಗಬಹುದು.

ಲೆಕ್ಕವನ್ನೆಲ್ಲ ಸರ್ವರಿನಲ್ಲೇ ಮಾಡುವುದು ಇವೆಲ್ಲಕ್ಕಿಂತ ಬಲವಾದದ್ದು, ಏಕೆಂದರೆ ಗ್ರಾಹಕರ ಬಳಿ ನಕಲು ಮಾಡಲು ಮುಖ್ಯ ಕೋಡೇ ಇರುವುದಿಲ್ಲ. ಆದರೆ ನೆಟ್‌ವರ್ಕ್ ಹೋದ ಗಳಿಗೆಗೆ ಮಂಡಿಯ ವ್ಯವಹಾರವೂ ನಿಲ್ಲುತ್ತದೆ. 2010ರಲ್ಲಿ ಕಂಪ್ಯೂಟರ್ ಆಟಗಳ ಕಂಪನಿ ಯೂಬಿಸಾಫ್ಟ್ ತನ್ನ ಕೆಲವು ಆಟಗಳಿಗೆ ಸದಾ ಅಂತರ್ಜಾಲ ಸಂಪರ್ಕ ಬೇಕೆಂದು ವಿಧಿಸಿದಾಗ, ಸರ್ವರ್ ಕೈಕೊಟ್ಟ ದಿನ ದುಡ್ಡು ಕೊಟ್ಟು ಕೊಂಡವರೇ ಆಡಲಾಗದೆ ಕುಳಿತರು. ರಕ್ಷಣೆಯ ಕಿರಿಕಿರಿ ಪ್ರಾಮಾಣಿಕರಿಗೇ ಹೆಚ್ಚು ತಟ್ಟುತ್ತದೆ ಎಂಬುದನ್ನು ಹೋಲಿಕೆಯಲ್ಲಿ ಮರೆಯಬಾರದು.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಗಳನ್ನು ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ.

ಮಂಡಿಗೆ ನಾನು ಆರಿಸುವುದು ಒಂದು ವರ್ಷದ ಅವಧಿಯುಳ್ಳ, ಸಹಿ ಮಾಡಿದ ಫೈಲನ್ನು. ಅವಧಿ ಮುಗಿದ ಮೇಲೂ ಒಂದು ತಿಂಗಳು ಎಚ್ಚರಿಕೆ ತೋರಿಸುತ್ತಲೇ ಪ್ರೋಗ್ರಾಂ ಓಡಬೇಕು. ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ಅವಧಿ ಎಳೆಯುವವರಿಗೆ ಪ್ರತ್ಯೇಕ ಬೀಗ ಬೇಕಿಲ್ಲ: ಕೊನೆಯ ಬಿಲ್ಲಿನ ದಿನಾಂಕಕ್ಕಿಂತ ಹಿಂದಿನ ದಿನಾಂಕಕ್ಕೆ ಹೊಸ ಬಿಲ್ ಹುಟ್ಟದಂತೆ ನೋಡಿಕೊಂಡರಾಯಿತು, ಲೆಕ್ಕಪತ್ರ ಸರಿಯಿರಲೂ ಆ ನಿಯಮ ಹೇಗೂ ಬೇಕು.